ಸೆಕೆಗಾಲದ ನೀರು: ಮೈಗೆಷ್ಟು, ಮಲ್ಲಿಗೆಗೆಷ್ಟು?

ಏಪ್ರಿಲ್ ತಿಂಗಳಲ್ಲಿ ನಮ್ಮ ಕರಾವಳಿಯ ಯಾವ ಊರಿಗೆ ಬೇಕಾದರೂ ಹೋಗಿ ನೋಡಿ. ಮನೆಯ ಅಂಗಳದಲ್ಲಿ ಪೈಪು ಹಿಡಿದು ನಿಂತವರು ಒಬ್ಬರಾದರೂ ಕಾಣಸಿಗುತ್ತಾರೆ. ಮಲ್ಲಿಗೆಗೆ, ಬಸಳೆ ಚಪ್ಪರಕ್ಕೆ, ಕಳೆದ ಮಳೆಗಾಲದಲ್ಲಿ ನೆಟ್ಟ ತೆಂಗಿನ ಸಸಿಗೆ ನೀರು ಬಿಡುತ್ತಿರುತ್ತಾರೆ. ‘ಗಿಡಗಳಿಗೆ ಬಾಯಿ ಇಲ್ಲವಲ್ಲ ಡಾಕ್ಟ್ರೇ, ನಾವೇ ನೋಡಿ ಹಾಕಬೇಕು’ ಎನ್ನುತ್ತಾರೆ. ಮಾತು ನಿಜವೇ. ಆದರೆ ಬಾಯಿ ಇರುವ ಅವರನ್ನೇ ‘ಬೆಳಿಗ್ಗೆಯಿಂದ ನೀವೆಷ್ಟು ನೀರು ಕುಡಿದಿರಿ?’ ಎಂದು ಕೇಳಿದರೆ ತಡವರಿಸುತ್ತಾರೆ. ಎರಡು ಲೋಟ ಚಹಾ, ಊಟದ ಜತೆ ಅರ್ಧ ಚೊಂಬು ನೀರು; ಅಷ್ಟೇ ಲೆಕ್ಕಕ್ಕೆ ಸಿಗುತ್ತದೆ.

ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಜಿಲ್ಲೆ ನಮ್ಮದು. ಆದರೂ ಬೇಸಗೆ ಬಂತೆಂದರೆ ನೀರಿನ ಚಿಂತೆ ತಪ್ಪಿದ್ದಲ್ಲ. 2019ರ ಮೇ ತಿಂಗಳನ್ನು ಉಡುಪಿಯವರು ಮರೆತಿರಲಾರರು. ನಗರಕ್ಕೆ ನೀರು ಕೊಡುವ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಲ್ಲಿ ನೀರು ತಳ ಹಿಡಿಯಿತು. ನದಿಯ ಹೊಂಡಗಳಲ್ಲಿ ನಿಂತಿದ್ದ ನೀರನ್ನು ಪಂಪು ಇಟ್ಟು ಎತ್ತಿ ತರಬೇಕಾಯಿತು, ಬಡಾವಣೆಗಳಿಗೆ ಸರದಿಯಂತೆ ನೀರು ಬಿಡಬೇಕಾಯಿತು. ಅದೇ ತಿಂಗಳು ನೇತ್ರಾವತಿ ಸೊರಗಿದ್ದರಿಂದ, ಧರ್ಮಸ್ಥಳದ ಪ್ರವಾಸವನ್ನು ಸ್ವಲ್ಪ ಮುಂದೂಡಿ ಎಂದು ಅಲ್ಲಿನ ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರೇ ಭಕ್ತರನ್ನು ಕೇಳಿಕೊಂಡರು. ಆ ವರ್ಷ ಮುಂಗಾರು ಕೇರಳಕ್ಕೆ ಕಾಲಿಟ್ಟದ್ದೇ ಜೂನ್ 8ಕ್ಕೆ.

ಬರಬರುತ್ತ ಬಿಸಿಲೂ ಬೇಗ ಏರುತ್ತಿದೆ. 2023ರ ಮಾರ್ಚ್ ಮೊದಲ ವಾರಗಳಲ್ಲಿ, ಆಮೇಲೆ 2025ರ ಫೆಬ್ರವರಿ ಕೊನೆಯಲ್ಲಿ ಕರಾವಳಿ ಜಿಲ್ಲೆಗಳಿಗೆ ಹವಾಮಾನ ಇಲಾಖೆ ಬಿಸಿಗಾಳಿಯ ಎಚ್ಚರಿಕೆ ಕೊಟ್ಟಿತ್ತು. ‘ಬಿಸಿಗಾಳಿ ಏನಿದ್ದರೂ ಕಲಬುರಗಿ, ರಾಯಚೂರಿನ ಸಮಾಚಾರ, ನಮಗೆಲ್ಲಿಯದು’ ಎನ್ನುವವರು ಒಂದು ಸಂಗತಿ ಗಮನಿಸಬೇಕು. ಬಯಲುಸೀಮೆಗೆ ಇಲಾಖೆ ಇಟ್ಟಿರುವ ಗೆರೆ 40 ಡಿಗ್ರಿ ಸೆಲ್ಸಿಯಸ್. ಕರಾವಳಿಗೆ 37 ಡಿಗ್ರಿ. ಅದರ ಜತೆಗೆ ಆ ದಿನದ ವಾಡಿಕೆಯ ಉಷ್ಣತೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ಕರಾವಳಿಗೆ ಗೆರೆ ಕೆಳಗಿರುವುದಕ್ಕೆ ಕಾರಣವನ್ನು ನಿಮ್ಮ ಬೆನ್ನಿಗೆ ಅಂಟಿದ ಅಂಗಿಯೇ ಹೇಳುತ್ತದೆ. ಬೆವರು ಸುರಿದರೆ ಮೈ ತಣಿಯುವುದಿಲ್ಲ, ಬೆವರು ಆರಿದರೆ ತಣಿಯುತ್ತದೆ. ಕಡಲ ದಂಡೆಯ ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ಬೆವರು ಆರದೆ ಹನಿ ಹನಿಯಾಗಿ ಇಳಿದು ಹೋಗುತ್ತದೆ. ದೇಹ ನೀರನ್ನೂ ಉಪ್ಪನ್ನೂ ಕಳೆದುಕೊಳ್ಳುತ್ತದೆ, ತಂಪು ಮಾತ್ರ ಸಿಗುವುದಿಲ್ಲ. ಕಲಬುರಗಿಯ 40ಕ್ಕೂ ಕೆಮ್ಮಣ್ಣಿನ 36ಕ್ಕೂ ಮೈಗೆ ತಟ್ಟುವ ಕಷ್ಟದಲ್ಲಿ ಬಹಳ ಅಂತರವೇನೂ ಇಲ್ಲ.

ಎಷ್ಟು ಕುಡಿಯಬೇಕು?

ದಿನಕ್ಕೆ ಎಂಟು ಲೋಟ, ಹತ್ತು ಲೋಟ ಎಂಬ ಸೂತ್ರಗಳಲ್ಲಿ ನನಗೆ ಹೆಚ್ಚು ನಂಬಿಕೆಯಿಲ್ಲ. ಫ್ಯಾನಿನ ಕೆಳಗೆ ಕುಳಿತು ಲೆಕ್ಕ ಬರೆಯುವವರಿಗೂ ಮುರಕಲ್ಲು ಹೊರುವವರಿಗೂ ಒಂದೇ ಅಳತೆ ಹೇಗಾದೀತು? ನಂಬಬಹುದಾದ ಅಳತೆಗೋಲು ಮೂತ್ರದ ಬಣ್ಣ. ಒಣಹುಲ್ಲಿನ ತೆಳು ಹಳದಿ ಇದ್ದರೆ ಸಾಕು. ಅರಿಶಿನದ ನೀರಿನಂತೆ ದಟ್ಟವಾಗಿದ್ದರೆ, ಅಥವಾ ಬೆಳಿಗ್ಗೆ ಹೋದವರಿಗೆ ಮಧ್ಯಾಹ್ನದವರೆಗೂ ಹೋಗಬೇಕೆನಿಸದಿದ್ದರೆ, ಕುಡಿದದ್ದು ಕಡಿಮೆಯಾಯಿತೆಂದೇ ಅರ್ಥ. (ಬಿ-ಕಾಂಪ್ಲೆಕ್ಸ್ ಮಾತ್ರೆ ನುಂಗುವವರಿಗೆ ಬಣ್ಣ ಹೇಗೂ ಹಳದಿಯೇ, ಅವರು ಹೆದರಬೇಕಿಲ್ಲ.) ಬಿಸಿಲಿನಲ್ಲಿ ಕೆಲಸ ಮಾಡುವವರು ಬಾಯಾರಿಕೆಗೆ ಕಾಯದೆ ಪ್ರತಿ ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ಕುಡಿಯುವುದು ಒಳ್ಳೆಯದು. ಹಾಗೆಂದು ಒಂದೇ ಗಂಟೆಯಲ್ಲಿ ಒಂದೂವರೆ ಲೀಟರಿಗಿಂತ ಹೆಚ್ಚು ಬರಿ ನೀರು ಸುರಿದುಕೊಳ್ಳಬಾರದು.

ವಯಸ್ಸಾದವರ ವಿಚಾರ ಬೇರೆ. ಎಪ್ಪತ್ತು ದಾಟಿದ ದೇಹಕ್ಕೆ ನೀರು ಬೇಕಾಗಿದ್ದರೂ ಬಾಯಾರಿಕೆಯ ಕರೆಗಂಟೆ ಸರಿಯಾಗಿ ಬಾರಿಸುವುದಿಲ್ಲ. ಅಜ್ಜಿ ‘ನನಗೆ ಬೇಡ ಮಗಾ’ ಎಂದರೆ ಅದನ್ನು ನಂಬಬೇಡಿ. ಲೋಟ ಕೈಗೆ ಕೊಟ್ಟು, ಕುಡಿದು ಮುಗಿಸುವವರೆಗೆ ಎದುರು ಕುಳಿತುಕೊಳ್ಳಿ. ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವ ಹಿರಿಯರಿಗೆ ಇನ್ನೊಂದು ಅಪಾಯವೂ ಇದೆ. ಬೆವರಿನಲ್ಲಿ, ಮೂತ್ರದಲ್ಲಿ ಉಪ್ಪು ಹೋಗುತ್ತದೆ, ಮನೆಯವರು ಕಾಳಜಿಯಿಂದ ಬರಿ ನೀರು ಕುಡಿಸುತ್ತಾರೆ, ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ. ಅವರು ಮಂಕಾಗುತ್ತಾರೆ, ಏನೇನೋ ಮಾತಾಡುತ್ತಾರೆ. ‘ಅರುಳು ಮರುಳು ಶುರುವಾಯಿತು’ ಎಂದು ಮನೆಯವರು ತಿಳಿದುಕೊಳ್ಳುತ್ತಾರೆ. ಸೆಕೆಗಾಲದಲ್ಲಿ ಹಠಾತ್ತಾಗಿ ಹೀಗಾದರೆ ವೈದ್ಯರಲ್ಲಿಗೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಗೆ ನೀರು ಮಿತಿಯಲ್ಲಿರಲಿ ಎಂದು ಹೇಳಿಸಿಕೊಂಡವರು ಈ ಲೇಖನ ಓದಿ ಅಳತೆ ಬದಲಿಸುವುದು ಬೇಡ, ತಮ್ಮ ವೈದ್ಯರನ್ನೇ ಕೇಳಲಿ.

ನಮ್ಮಲ್ಲಿಯ ಗಂಜಿ ಊಟ ಇದಕ್ಕೆಲ್ಲ ಒಳ್ಳೆಯ ಮದ್ದು. ಕುಚ್ಚಲಕ್ಕಿ ಗಂಜಿಯ ತಿಳಿಗೆ ಚಿಟಿಕೆ ಉಪ್ಪು ಬಿದ್ದರೆ ನೀರು, ಉಪ್ಪು, ಪಿಷ್ಟ ಮೂರೂ ಒಟ್ಟಿಗೆ ಸಿಗುತ್ತವೆ. ನೀರು ಮಜ್ಜಿಗೆಯೂ ಅಷ್ಟೇ ಒಳ್ಳೆಯದು. ಪುನರ್ಪುಳಿ ಶರಬತ್ತು ಕುಡಿಯಿರಿ, ಸಕ್ಕರೆ ಕಾಯಿಲೆಯವರು ಮಾತ್ರ ಸಕ್ಕರೆ ಬಿಟ್ಟು ಉಪ್ಪು ಹಾಕಿ ಕುಡಿಯಿರಿ. ಬೊಂಡದ ಬಗ್ಗೆ ಒಂದು ಮಾತು: ಅದರಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಹಾಗಾಗಿ ಮೂತ್ರಪಿಂಡ ಸೋತವರಿಗೆ ಅದು ಅಪಾಯಕಾರಿ. ವಾಂತಿಭೇದಿಯಾದವರು ಬೊಂಡವೊಂದನ್ನೇ ನೆಚ್ಚಬಾರದು. ಅವರಿಗೆ ಓಆರ್‌ಎಸ್ ಬೇಕು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಗೋಪುರದಂತೆ ತುಂಬಿದ ಚಮಚವಲ್ಲ, ಬೆರಳಿನಿಂದ ಸವರಿದ ಚಮಚ.

ಬಾವಿಯ ನೀರು ಸಪ್ಪೆಯೇ, ಉಪ್ಪೇ?

ಈಗ ನನ್ನ ಚಿಂತೆಯ ವಿಷಯಕ್ಕೆ ಬರುತ್ತೇನೆ. ಕೆಮ್ಮಣ್ಣು, ಹೂಡೆ, ಬೆಂಗ್ರೆಗಳ ಭೂಗೋಳ ನಿಮಗೆ ಗೊತ್ತೇ ಇದೆ. ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಕೋಡಿಬೆಂಗ್ರೆಯಲ್ಲಿ ಸಮುದ್ರ ಸೇರಲು ಹೊರಟ ಸ್ವರ್ಣೆ, ನಡುವೆ ತಿಮ್ಮಣ್ಣ ಕುದ್ರುವಿನಂಥ ಕುದ್ರುಗಳು. ಬೇಸಗೆಯಲ್ಲಿ ನದಿಯ ಹರಿವು ಕುಂದಿದಾಗ ಭರತದ ಉಪ್ಪುನೀರು ಮೇಲೆ ಮೇಲೆ ಏರಿ ಬರುತ್ತದೆ. ಇಂಥ ಊರುಗಳಲ್ಲಿ ಮಾರ್ಚ್‌ವರೆಗೆ ಸಿಹಿಯಾಗಿದ್ದ ಬಾವಿ ಏಪ್ರಿಲ್‌ನಲ್ಲಿ ರುಚಿ ಬದಲಿಸುವುದು ಹೊಸತಲ್ಲ. ಮನೆಯವರಿಗೆ ನಾಲಿಗೆ ಒಗ್ಗಿ ಹೋಗಿರುತ್ತದೆ. ಮುಂಬಯಿಯಿಂದ ರಜೆಗೆ ಬಂದ ಮೊಮ್ಮಕ್ಕಳು ಮೊದಲ ದಿನವೇ ಮುಖ ಹಿಂಡುತ್ತಾರೆ.

ನಾಲಿಗೆಗೆ ಉಪ್ಪು ತಿಳಿಯಲು ಶುರುವಾಗುವುದು ಸುಮಾರಾಗಿ ಲೀಟರಿಗೆ 250 ಮಿಲಿಗ್ರಾಂ ಕ್ಲೋರೈಡ್ ಇದ್ದಾಗ. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ ಹೇಳುವ ಒಪ್ಪಿತ ಮಿತಿಯೂ ಅದೇ. ಬೇರೆ ನೀರೇ ಇಲ್ಲ ಎಂದಾಗ 1,000 ಮಿಲಿಗ್ರಾಂವರೆಗೆ ಸಹಿಸಿಕೊಳ್ಳಬಹುದು ಎನ್ನುತ್ತದೆ. ಆ ಸಾವಿರದ ಲೆಕ್ಕವನ್ನು ಅಡಿಗೆಮನೆಯ ಭಾಷೆಗೆ ತಂದು ನೋಡೋಣ. ಆ ಕ್ಲೋರೈಡ್ ಎಲ್ಲ ಅಡಿಗೆ ಉಪ್ಪಿನ ರೂಪದಲ್ಲಿದ್ದರೆ ಲೀಟರಿಗೆ ಒಂದೂವರೆ ಗ್ರಾಂಗಿಂತ ಹೆಚ್ಚು ಉಪ್ಪಾಯಿತು. ಸೆಕೆಗೆ ಮೂರು ಲೀಟರ್ ಕುಡಿದರೆ ಸುಮಾರು ಐದು ಗ್ರಾಂ. ಒಬ್ಬರು ಇಡೀ ದಿನಕ್ಕೆ ತಿನ್ನಬಹುದಾದ ಉಪ್ಪು ಐದು ಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಸಾರು, ಚಟ್ನಿ, ಉಪ್ಪಿನಕಾಯಿ, ಒಣಮೀನು ಯಾವುದನ್ನೂ ಮುಟ್ಟುವ ಮೊದಲೇ, ಬರಿ ನೀರಿನಲ್ಲೇ ದಿನದ ಪಾಲು ಮುಗಿಯಿತು!

‘ಮಾತ್ರೆ ತಪ್ಪಿಸಿಲ್ಲ, ಉಪ್ಪಿನಕಾಯಿ ಬಿಟ್ಟು ವರ್ಷವಾಯಿತು, ಆದರೂ ಬಿಪಿ ಇಳಿಯುವುದಿಲ್ಲವಲ್ಲ’ ಎಂದು ಬೇಸಗೆಯಲ್ಲಿ ಬರುವವರಿಗೆ ಈಗ ನಾನು ಕೇಳುವ ಮೊದಲ ಪ್ರಶ್ನೆ: ನಿಮ್ಮ ಬಾವಿ ನದಿಯಿಂದ ಎಷ್ಟು ದೂರ? ಬಾಂಗ್ಲಾದೇಶದ ಖುಲ್ನಾ ಜಿಲ್ಲೆಯ ಡಾಕೋಪ್ ಎಂಬ ಕಡಲಂಚಿನ ಪ್ರದೇಶದ ಬಸುರಿಯರ ಬಗ್ಗೆ 2011ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಕುಡಿಯುವ ನೀರಿನಲ್ಲಿ ಉಪ್ಪೇರುವ ಒಣ ತಿಂಗಳುಗಳಲ್ಲಿ ಅವರಲ್ಲಿ ರಕ್ತದೊತ್ತಡದ ತೊಂದರೆ ಮಳೆಗಾಲಕ್ಕಿಂತ ಹೆಚ್ಚಿತ್ತು. ಎಲ್ಲ ಊರಿನ ಉಪ್ಪುನೀರೂ ಒಂದೇ ಬಗೆಯದಲ್ಲ, ಅಲ್ಲಿಯ ಮಾತನ್ನು ಹಾಗೆಯೇ ಇಲ್ಲಿಗೆ ಅಂಟಿಸಲಾಗದು. ಆದರೂ ಮನೆಯಲ್ಲಿ ಬಸುರಿಯೋ, ರಕ್ತದೊತ್ತಡದವರೋ, ಮೂತ್ರಪಿಂಡದ ರೋಗಿಯೋ ಇದ್ದರೆ, ಏಪ್ರಿಲ್‌ನಿಂದ ಮಳೆ ಬೀಳುವವರೆಗೆ ಅವರೊಬ್ಬರ ಕುಡಿಯುವ ನೀರನ್ನಾದರೂ ಸಿಹಿನೀರಿನ ಬಾವಿಯಿಂದ ತನ್ನಿ. ಒಂದು ಕೊಡಪಾನ ಸಾಕಲ್ಲ!

ಕುದಿಸಿದರೆ ಉಪ್ಪು ಹೋಗುತ್ತದೆಂದು ಕೆಲವರು ತಿಳಿದಿದ್ದಾರೆ. ಹೋಗುವುದಿಲ್ಲ, ನೀರು ಆವಿಯಾಗಿ ಉಪ್ಪು ಇನ್ನಷ್ಟು ಗಟ್ಟಿಯಾಗುತ್ತದೆ. ಕ್ಯಾಂಡಲ್ ಫಿಲ್ಟರಿಗೂ ಅದು ಸಿಕ್ಕುವುದಿಲ್ಲ. ಆರ್‌ಓ ಯಂತ್ರ ಉಪ್ಪು ತೆಗೆಯುತ್ತದೆ ನಿಜ, ಆದರೆ ಒಂದು ಲೀಟರ್ ಕೊಡುವಷ್ಟರಲ್ಲಿ ಎರಡು ಮೂರು ಲೀಟರ್ ಹೊರಗೆ ಚೆಲ್ಲುತ್ತದೆ. ಆ ನೀರಿನಲ್ಲಿ ನೆಲ ಒರೆಸಿ, ಕಕ್ಕಸಿಗೆ ಹಾಕಿ. ಬಾವಿಯೇ ಉಪ್ಪಾಗಿದ್ದರೆ ಅದನ್ನು ಮಲ್ಲಿಗೆ ಬುಡಕ್ಕೆ ಮಾತ್ರ ಹಾಕಬೇಡಿ, ಎಲೆಯ ಅಂಚು ಸುಟ್ಟು ಹೋಗುತ್ತದೆ. ತೆಂಗು ಉಪ್ಪನ್ನು ಒಂದಿಷ್ಟು ತಾಳಿಕೊಳ್ಳುತ್ತದೆ.

ಪೈಪಿನ ಲೆಕ್ಕ

ಗಿಡಕ್ಕೆ ಬಿಡುವ ನೀರಿಗೂ ಬಾವಿಯ ಉಪ್ಪಿಗೂ ಎಂಥ ಸಂಬಂಧ ಎಂದು ಕೇಳಬಹುದು. ಸಂಬಂಧ ಹತ್ತಿರದ್ದೇ. ಕಡಲಂಚಿನ ಮರಳಿನಡಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ನೂರು ವರ್ಷಗಳಿಗೂ ಹಿಂದೆ ನೆದರ್ಲೆಂಡ್ಸ್‌ನ ಗೈಬೆನ್, ಜರ್ಮನಿಯ ಹರ್ಜ್‌ಬರ್ಗ್ ಎಂಬವರು ಇದರ ಲೆಕ್ಕ ಕಂಡುಹಿಡಿದರು. ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತಿದ್ದರೆ ಅದರಡಿ ಸುಮಾರು ನಲುವತ್ತು ಅಡಿಯವರೆಗೆ ಉಪ್ಪುನೀರು ಕೆಳಗೆ ತಳ್ಳಿಸಿಕೊಂಡಿರುತ್ತದೆ. ನೀವು ಪಂಪು ಹಾಕಿ ಮೇಲಿನ ಒಂದು ಅಡಿ ಇಳಿಸಿದರೆ, ಆ ಬಾಕಿಯನ್ನು ಉಪ್ಪುನೀರು ಕೆಳಗಿನಿಂದ ಮೇಲೇರಿ ತೀರಿಸಿಕೊಳ್ಳಲು ತೊಡಗುತ್ತದೆ. ನಾಳೆಯೇ ಏರುತ್ತದೆ ಎಂದಲ್ಲ, ಆದರೆ ಏರುವ ದಾರಿ ಅದೇ. ಅದು ನಿಮ್ಮ ಬಾವಿಯಲ್ಲೇ ನಿಲ್ಲುವುದಿಲ್ಲ, ಪಕ್ಕದ ಮನೆಯ ಕುಡಿಯುವ ಬಾವಿಯಲ್ಲೂ ಕಾಣಿಸಿಕೊಂಡೀತು.

ಇವತ್ತು ಸಂಜೆ ಒಂದು ಕೆಲಸ ಮಾಡಿ. ಹದಿನೈದು ಲೀಟರಿನ ಬಕೆಟಿಗೆ ನಿಮ್ಮ ಪೈಪು ಬಿಟ್ಟು, ತುಂಬಲು ಎಷ್ಟು ಹೊತ್ತಾಯಿತೆಂದು ಗಡಿಯಾರ ನೋಡಿ. ಒಂದು ನಿಮಿಷ ಎಂದಿಟ್ಟುಕೊಳ್ಳಿ. ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಜಲಜೀವನ ಮಿಷನ್ ಲೆಕ್ಕ ಹಿಡಿದಿದೆ. ಐದು ಜನರ ಮನೆಗೆ 275 ಲೀಟರ್ ಆಯಿತು. ನಿಮ್ಮ ಪೈಪು ಅಷ್ಟನ್ನು ಹದಿನೆಂಟು ನಿಮಿಷದಲ್ಲಿ ಸುರಿದು ಮುಗಿಸುತ್ತದೆ. ಪಂಪು ಹಾಕಿ ಫೋನಿನಲ್ಲಿ ಮಾತಿಗೆ ನಿಂತರೆ ಹದಿನೆಂಟು ನಿಮಿಷ ಹೋದದ್ದೇ ಗೊತ್ತಾಗುವುದಿಲ್ಲ.

ಗಿಡಗಳನ್ನು ಒಣಗಿಸಿ ಎಂದು ಹೇಳುತ್ತಿಲ್ಲ. ಈ ಕಡೆ ಎಷ್ಟೋ ಮನೆಗಳಲ್ಲಿ ಮಲ್ಲಿಗೆಯೆಂದರೆ ಹೆಂಗಸರ ಕೈಯ ನಾಲ್ಕು ಕಾಸು. ಅದು ಹೋದರೆ ಔಷಧಕ್ಕೂ ತತ್ವಾರ. ನೀರನ್ನು ಬುಡಕ್ಕೆ ಹಾಕಿ, ಎಲೆಗೂ ದಾರಿಗೂ ಚಿಮ್ಮಿಸಬೇಡಿ. ಮಣ್ಣಿಗೆ ಎರಡು ಇಂಚು ಬೆರಳು ಇಳಿಸಿ ನೋಡಿ, ತಂಪಿದ್ದರೆ ಇವತ್ತು ಬೇಡ. ಬುಡದ ಮೇಲೆ ತರಗೆಲೆ, ತೆಂಗಿನ ಸಿಪ್ಪೆ ಹೊದಿಸಿ. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಕೇಂದ್ರದವರು ತೆಂಗಿನ ಬುಡದಲ್ಲಿ ಸಿಪ್ಪೆ ಹೂಳಿ ತೇವ ಹಿಡಿದಿಡುವ ಕ್ರಮವನ್ನು ಬಹಳ ಹಿಂದಿನಿಂದಲೂ ಹೇಳುತ್ತಿದ್ದಾರೆ. ಬಚ್ಚಲಿನ ನೀರು ಬಸಳೆಗೆ ಹೋಗುವುದು ನಮ್ಮ ಹಿರಿಯರು ಹಾಕಿಕೊಟ್ಟ ಒಳ್ಳೆಯ ಪದ್ಧತಿ. ಅದನ್ನು ಮುಂದುವರಿಸಿ, ಆದರೆ ನೀರು ಕೊಚ್ಚೆಯಾಗಿ ನಿಲ್ಲಬಾರದು, ಹಸಿಯಾಗಿ ತಿನ್ನುವ ಸೊಪ್ಪಿನ ಎಲೆಗೆ ತಾಗಬಾರದು.

ನೀರು ಹಾಕುವ ಹೊತ್ತು ಬೆಳಿಗ್ಗೆ ಆರರಿಂದ ಎಂಟು. ಗಿಡಕ್ಕೂ ಒಳ್ಳೆಯದು, ಹಾಕುವವರಿಗೂ ಒಳ್ಳೆಯದು. ಮಧ್ಯಾಹ್ನ ಹಾಕಿದರೆ ನೀರು ಅರ್ಧ ದಾರಿಯಲ್ಲೇ ಆರುತ್ತದೆ. ತ್ರೀ ಫೇಸ್ ಕರೆಂಟು ಬರುವ ಹೊತ್ತು, ನಳ್ಳಿಯಲ್ಲಿ ನೀರು ಬರುವ ಹೊತ್ತು ನಮ್ಮ ಕೈಯಲ್ಲಿಲ್ಲ ಎನ್ನುತ್ತೀರಿ. ಹಾಗಾದರೆ ಆ ಹೊತ್ತಿಗೆ ತೊಟ್ಟಿ ತುಂಬಿಸಿಡಿ, ನೀವು ಬಿಸಿಲಿಗೆ ಇಳಿಯಬೇಡಿ. ಒತ್ತಡದ ಮಾತ್ರೆ ತಿನ್ನುವವರು ಬಾಗಿ ಬುಡ ಕೆದಕಿ ಥಟ್ಟನೆ ಎದ್ದರೆ ಕಣ್ಣು ಕತ್ತಲೆ ಬಂದು ಬೀಳುತ್ತಾರೆ. ತೊಡೆಯ ಮೂಳೆ ಮುರಿದರೆ ಆ ಕಥೆ ಬಹಳ ಉದ್ದ. ಬಿಸಿಲಿನಲ್ಲಿ ಬಿದ್ದಿದ್ದ ಪೈಪಿನ ಮೊದಲ ನೀರು ಕೈ ಸುಡುವಷ್ಟು ಬಿಸಿಯಿರುತ್ತದೆ, ಮಕ್ಕಳ ಮೈಮೇಲೆ ಹಾಯಿಸಬೇಡಿ. ಸಂಜೆ ಕತ್ತಲಾದ ಮೇಲೆ ಹಾಕುವವರ ಕೈಯಲ್ಲಿ ಟಾರ್ಚ್ ಇರಲಿ. ನಿಮ್ಮ ಒದ್ದೆ ಮಲ್ಲಿಗೆ ಬುಡ ತಂಪು ಹುಡುಕುವ ಹಾವಿಗೂ ಇಷ್ಟ.

ಎಲ್ಲಿ ಉಳಿಸಬಾರದು

ನೀರು ತುಟ್ಟಿಯಾದಾಗ ಮನೆಗಳಲ್ಲಿ ಮೊದಲು ಕಡಿತವಾಗುವುದು ತಪ್ಪು ಜಾಗದಲ್ಲಿ. ಕಾರು ತೊಳೆಯುವುದು ನಿಲ್ಲುವುದಿಲ್ಲ, ಕೈ ತೊಳೆಯುವುದು ನಿಲ್ಲುತ್ತದೆ. ಕಕ್ಕಸಿಗೆ ಹೋಗಿ ಬಂದು, ಊಟಕ್ಕೆ ಮೊದಲು ಸೋಪು ಹಾಕಿ ಕೈ ತೊಳೆಯಲು ಒಂದು ಚೊಂಬು ನೀರು ಸಾಕು. ಅಲ್ಲಿ ಜಿಪುಣತನ ಮಾಡಿದರೆ ವಾಂತಿಭೇದಿ, ಟೈಫಾಯಿಡ್, ಕಾಮಾಲೆ ಬೆನ್ನಿಗೇ ಬರುತ್ತವೆ. ಇನ್ನೊಂದು ಸಂಗತಿಯನ್ನು ಹೆಂಗಸರು ಬಾಯಿಬಿಟ್ಟು ಹೇಳುವುದಿಲ್ಲ. ಶಾಲೆಯಲ್ಲಿ, ಅಂಗಡಿಯಲ್ಲಿ, ಬೀಡಿ ಬ್ರಾಂಚಿನಲ್ಲಿ ಕಕ್ಕಸಿಗೆ ನೀರಿಲ್ಲ ಎಂಬ ಕಾರಣಕ್ಕೆ ಬೆಳಿಗ್ಗೆಯಿಂದ ನೀರೇ ಕುಡಿಯದೆ ಇರುತ್ತಾರೆ. ಸಂಜೆ ಉರಿಮೂತ್ರ, ಚಳಿಜ್ವರ. ಬೇಸಗೆಯ ಎರಡು ತಿಂಗಳು ಮೂತ್ರದ ಸೋಂಕಿಗೆ, ಕಲ್ಲಿನ ನೋವಿಗೆ ಬರುವವರಲ್ಲಿ ಇಂಥವರು ಬೇಕಷ್ಟು ಮಂದಿ. ಇದು ಮಾತ್ರೆಯಿಂದ ಮುಗಿಯುವ ಕಾಯಿಲೆಯಲ್ಲ. ಅಲ್ಲಿ ಒಂದು ಡ್ರಮ್ಮು ನೀರು, ಒಂದು ಚಿಲಕ ಇರುವಂತೆ ನೋಡಿಕೊಳ್ಳುವುದು ಶಾಲೆಯವರ, ಧಣಿಗಳ ಕೆಲಸ.

ಸರದಿಯ ನೀರನ್ನು ತುಂಬಿಸಿಡುವಾಗ ಸೊಳ್ಳೆಯನ್ನು ಮರೆಯಬೇಡಿ. ಡೆಂಗಿ ಹರಡುವ ಸೊಳ್ಳೆಗೆ ಚರಂಡಿ ಬೇಕಿಲ್ಲ, ನಿಮ್ಮ ಶುದ್ಧ ನೀರಿನ ಡ್ರಮ್ಮೇ ಬೇಕು. ಮೊಟ್ಟೆ ಹಾರುವ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ. ಆದ್ದರಿಂದ ವಾರಕ್ಕೊಮ್ಮೆ ಪಾತ್ರೆ ಖಾಲಿ ಮಾಡಿ ಒಳಬದಿಯನ್ನು ತೆಂಗಿನ ನಾರು ಹಾಕಿ ತಿಕ್ಕಬೇಕು. ತಿಕ್ಕಲೇಬೇಕು, ಏಕೆಂದರೆ ಗೋಡೆಗೆ ಅಂಟಿದ ಮೊಟ್ಟೆ ನೀರಿಲ್ಲದೆಯೂ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ಹೂಕುಂಡದ ಕೆಳಗಿನ ತಟ್ಟೆ, ಅಡಿಕೆ ಹಾಳೆ, ಗೆರಟೆ, ಫ್ರಿಜ್ಜಿನ ಹಿಂದಿನ ತಟ್ಟೆ ಇವನ್ನೂ ನೋಡಿ. ಮಲೇರಿಯಾದ ಸೊಳ್ಳೆ ತೆರೆದ ಬಾವಿಯಲ್ಲಿ, ಮುಚ್ಚಳವಿಲ್ಲದ ಟಾಂಕಿಯಲ್ಲಿ ಬೆಳೆಯುತ್ತದೆ. ಬಾವಿಗೆ ಬಲೆ ಹಾಕಿ, ಗಪ್ಪಿ ಮೀನು ಬಿಡಿ.

ಕೊನೆಗೆ, ನೀರಿನ ಲೆಕ್ಕವನ್ನೇ ಇಡಬಾರದ ಒಂದು ಹೊತ್ತಿದೆ. ಬಿಸಿಲಿಗೆ ಸುಸ್ತಾದವರು ಬೆವರುತ್ತ, ತಲೆ ತಿರುಗುತ್ತದೆ, ವಾಕರಿಕೆ ಬರುತ್ತದೆ ಎಂದರೆ ನೆರಳಿಗೆ ಕರೆದು, ಮಲಗಿಸಿ, ಉಪ್ಪು ಸಕ್ಕರೆಯ ನೀರು ಕೊಟ್ಟರೆ ಅರ್ಧ ಗಂಟೆಯಲ್ಲಿ ಸುಧಾರಿಸುತ್ತಾರೆ. ಆದರೆ ಮೈ ಕೆಂಡದಂತೆ ಸುಡುತ್ತಿದ್ದು, ಮಾತು ತೊದಲಿ, ಗುರುತು ತಪ್ಪಿದರೆ ಅದು ಬಿಸಿಲಾಘಾತ. ಮೈ ಒಣಗಿರಬೇಕೆಂದೇನೂ ಇಲ್ಲ, ಬೆವರಿದ್ದರೂ ಆದೀತು. 108ಕ್ಕೆ ಫೋನು ಮಾಡಿ, ಆಂಬುಲೆನ್ಸ್ ಬರುವವರೆಗೆ ಸುಮ್ಮನೆ ಕಾಯಬೇಡಿ. ಬಟ್ಟೆ ಸಡಿಲಿಸಿ, ಅದೇ ತೋಟದ ಪೈಪನ್ನು, ಬಿಸಿನೀರು ಹೋದ ಮೇಲೆ, ತಲೆಯಿಂದ ಕಾಲಿನವರೆಗೆ ಹಿಡಿಯಿರಿ, ಜತೆಗೆ ಗಾಳಿ ಬೀಸಿ. ಮಂಜುಗಡ್ಡೆ ಇದ್ದರೆ ಬಟ್ಟೆಯಲ್ಲಿ ಸುತ್ತಿ ಕಂಕುಳಿಗೂ ತೊಡೆಸಂದಿಗೂ ಇಡಿ. ಪ್ಯಾರಾಸಿಟಮಾಲ್ ಇಲ್ಲಿ ಕೆಲಸ ಮಾಡುವುದಿಲ್ಲ. ಎಚ್ಚರವಿಲ್ಲದವರ ಬಾಯಿಗೆ ಒಂದು ಹನಿಯೂ ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ.

ಮಳೆ ಬಂದ ಮೇಲೂ ಒಂದು ಕೆಲಸ ಬಾಕಿ ಇರುತ್ತದೆ. ಮೊದಲ ಮಳೆಯ ನೀರು ಅಂಗಳದ ಹೊಲಸನ್ನೆಲ್ಲ ತೊಳೆದು ಬಾವಿಗೆ ತರುತ್ತದೆ. ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿ: ಪ್ರತಿ ಸಾವಿರ ಲೀಟರಿಗೆ ಒಳ್ಳೆಯ ಪುಡಿ ಎರಡೂವರೆ ಗ್ರಾಂ. ಮೂರು ಮೀಟರ್ ಅಗಲದ ಬಾವಿಯಲ್ಲಿ ಎರಡು ಮೀಟರ್ ನೀರಿದ್ದರೆ ಸುಮಾರು 14,000 ಲೀಟರ್, ಅದಕ್ಕೆ 35 ಗ್ರಾಂ ಬೇಕು. ಪುಡಿಯನ್ನು ಬಕೆಟಿನ ನೀರಿನಲ್ಲಿ ಕದಡಿ, ಸುಣ್ಣ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನು ಮಾತ್ರ ರಾತ್ರಿ ಬಾವಿಗೆ ಇಳಿಸಿ, ಕೊಡಪಾನ ಮೇಲೆ ಕೆಳಗೆ ಆಡಿಸಿ ಬೆರೆಸಿ. ಬೆಳಿಗ್ಗೆ ಸೇದಿ, ಕುಡಿಯುವುದನ್ನು ಕುದಿಸಿಕೊಳ್ಳಿ.